ಒಂದು ಕೂಗಿದರೆ ಎಲ್ಲವೂ ಕೂಗಬೇಕು: ಹೊಗೆ ಅಲಾರಂ ವೈರಿಂಗ್ ಪ್ರಶ್ನೋತ್ತರ

ಹೊಗೆ ಅಲಾರಂಗಳನ್ನು ಒಂದಕ್ಕೊಂದು ಜೋಡಿಸುವ ವೈರಿಂಗ್ ಬಗ್ಗೆ ಬರುವ ಪ್ರಶ್ನೆಗಳು ಸುತ್ತಿ ಸುತ್ತಿ ಒಂದೇ ತಪ್ಪಿಗೆ ಬಂದು ನಿಲ್ಲುತ್ತವೆ. ಹಾಗಾಗಿ ಈ ಸಲ ಮೊದಲ ಪ್ರಶ್ನೆಗೇ ಹೆಚ್ಚು ಜಾಗ, ಉಳಿದವಕ್ಕೆ ಚುಟುಕು ಉತ್ತರ. ಬೋರ್ಡಿನಲ್ಲಿರುವ ಎಂಸಿಬಿ ಸ್ವಿಚ್ ಆರಿಸದೆ ವೈರ್ ಮುಟ್ಟಬಾರದು ಎಂಬಂಥ ಮಾತುಗಳನ್ನು ಮತ್ತೆ ಬರೆಯುವುದಿಲ್ಲ. ಅದನ್ನೂ ಹೇಳಿಸಿಕೊಳ್ಳಬೇಕಾದವರು ಈ ಕೆಲಸಕ್ಕೆ ಕೈಹಾಕಬೇಡಿ, ಲೈಸೆನ್ಸ್ ಇರುವವರನ್ನು ಕರೆಸಿ.

ಪ್ರಶ್ನೆ: ಎರಡು ಅಂತಸ್ತಿನ ಮನೆಗೆ, ಕರೆಂಟಿನಲ್ಲಿ ನಡೆಯುವ, ಒಳಗೆ ಬ್ಯಾಟರಿಯೂ ಇರುವ ಐದು ಹೊಗೆ ಅಲಾರಂ ಹಾಕಿಸಿದ್ದೇವೆ. ಆಯಾ ಕೋಣೆಯ ಲೈಟ್ ಪಾಯಿಂಟಿನಿಂದಲೇ ಫೇಸ್, ನ್ಯೂಟ್ರಲ್ ಕೊಟ್ಟು, ಐದಕ್ಕೂ ಸೇರಿಸಿ ಒಂದು ಬಿಡಿ ವೈರ್ ಎಳೆದಿದ್ದಾರೆ. ಕೆಳಗಿನ ಮೂರು ಒಟ್ಟಿಗೆ ಕೂಗುತ್ತವೆ, ಮೇಲಿನ ಎರಡು ಸುಮ್ಮನಿರುತ್ತವೆ. ಟೆಸ್ಟ್ ಬಟನ್ ಒತ್ತಿದಾಗ ಒಮ್ಮೊಮ್ಮೆ ಆರ್‌ಸಿಸಿಬಿ (ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ವ್ಯತ್ಯಾಸ ಬಂದರೆ ಲೈನ್ ಕಡಿಯುವ ಸ್ವಿಚ್) ಟ್ರಿಪ್ ಆಗುತ್ತದೆ. ಅಲಾರಂಗಳೇ ಸರಿಯಿಲ್ಲ ಎನ್ನುತ್ತಾರೆ ಎಲೆಕ್ಟ್ರಿಷಿಯನ್. ನಿಜವೇ?

ಅಲ್ಲ. ಕೆಟ್ಟಿರುವುದು ವೈರಿಂಗ್. ಅದರಿಂದಾಗಿ ಇಷ್ಟು ಹೊತ್ತಿಗೆ ಒಂದೆರಡು ಅಲಾರಂ ಕೂಡ ಕೆಟ್ಟಿದ್ದರೆ ಆಶ್ಚರ್ಯವಿಲ್ಲ.

ಆ ಬಿಡಿ ವೈರನ್ನು ಇಂಟರ್‌ಕನೆಕ್ಟ್ ಅಥವಾ ಸಿಗ್ನಲ್ ವೈರ್ ಎನ್ನುತ್ತಾರೆ. ಒಂದು ಅಲಾರಂಗೆ ಹೊಗೆ ತಾಗಿದ ಕೂಡಲೇ ಅದು ಈ ವೈರಿಗೆ ಸಣ್ಣ ಡಿಸಿ ವೋಲ್ಟೇಜ್ ಕೊಡುತ್ತದೆ, ಬಹಳಷ್ಟು ಮಾದರಿಗಳಲ್ಲಿ ಸುಮಾರು 9 ವೋಲ್ಟ್. ಉಳಿದವು ಅದನ್ನು ಗುರುತಿಸಿ ಕೂಗುತ್ತವೆ. ಆದರೆ ವೋಲ್ಟೇಜ್ ಅಳೆಯಲು ಎರಡು ತುದಿ ಬೇಕಲ್ಲವೇ? ಎರಡನೆಯ ತುದಿ ನ್ಯೂಟ್ರಲ್. ಅಂದರೆ ಸಿಗ್ನಲ್ ಹೋಗುವುದು ಬಿಡಿ ವೈರಿನಲ್ಲಿ, ಮರಳುವುದು ನ್ಯೂಟ್ರಲ್‌ನಲ್ಲಿ. ಐದೂ ಅಲಾರಂಗೆ ಒಂದೇ ಸರ್ಕ್ಯೂಟಿನ ನ್ಯೂಟ್ರಲ್ ಇರಬೇಕು ಎನ್ನುವುದು ಇದಕ್ಕೇ. ನಿಮ್ಮಲ್ಲಿ ಕೆಳಗಿನ ಅಲಾರಂ ಕಳಿಸಿದ ಕರೆಂಟು ಮೇಲಿನ ಸರ್ಕ್ಯೂಟಿನ ನ್ಯೂಟ್ರಲ್ ಹಿಡಿದು ಬೋರ್ಡಿಗೆ ಮರಳುತ್ತಿದೆ. ಎರಡೂ ಬೇರೆ ಬೇರೆ ಆರ್‌ಸಿಸಿಬಿಯಲ್ಲಿದ್ದರೆ ಹೋದದ್ದಕ್ಕೂ ಬಂದದ್ದಕ್ಕೂ ಲೆಕ್ಕ ತಾಳೆಯಾಗುವುದಿಲ್ಲ. ಮೊದಲೇ ಸ್ವಲ್ಪ ಲೀಕೇಜ್ ಇರುವ ಸರ್ಕ್ಯೂಟಾದರೆ ಇಷ್ಟೇ ಸಾಕು, ಟ್ರಿಪ್ ಆಗುತ್ತದೆ.

ಇದಕ್ಕಿಂತ ಕೆಟ್ಟದ್ದು ಒಂದಿದೆ. ಐದರಲ್ಲಿ ಒಂದೇ ಒಂದು ಪಾಯಿಂಟಿನಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದರೂ ಆ ಅಲಾರಂ ಒಂಟಿಯಾಗಿ ಚೆನ್ನಾಗಿಯೇ ನಡೆಯುತ್ತದೆ, ಹಸಿರು ದೀಪವೂ ಉರಿಯುತ್ತದೆ. ಸಿಗ್ನಲ್ ವೈರ್ ಸೇರಿಸಿದ ಗಳಿಗೆಯಲ್ಲಿ ಮಾತ್ರ ಲೈನಿನ ಪೂರ್ತಿ ವೋಲ್ಟೇಜ್ ಆ ವೈರಿನ ಮೂಲಕ ಬೇರೆ ಅಲಾರಂಗಳೊಳಗೆ ನುಗ್ಗಿ ಸಿಗ್ನಲ್ ಭಾಗವನ್ನು ಸುಡುತ್ತದೆ. ಆಮೇಲೂ ಅವು ಟೆಸ್ಟ್ ಒತ್ತಿದರೆ ಕೂಗಬಹುದು, ಆದರೆ ಬೇರೆಯವುಗಳ ಕೂಗು ಅವಕ್ಕೆ ಕೇಳಿಸದು. ಜೊತೆಗೆ, ಮೇಲಿನ ಎಂಸಿಬಿ ಆರಿಸಿ ನಿರಾಳವಾಗಿ ಕೆಲಸಕ್ಕೆ ನಿಂತವನಿಗೆ ಕೆಳಗಿನ ಸರ್ಕ್ಯೂಟಿನಿಂದ ಈ ವೈರಿನಲ್ಲಿ ಶಾಕ್ ಹೊಡೆಯುವ ಅಪಾಯ ಬೇರೆ.

ಹಾಗಾದರೆ ಏನು ಮಾಡಬೇಕು? ಬಿಚ್ಚಿ ಹೊಸದಾಗಿ ಎಳೆಸಿ. ತೇಪೆ ಹಾಕಿ ಸರಿಮಾಡುವ ಕೆಲಸ ಇದಲ್ಲ.

ಸಪ್ಲೈಯನ್ನು ಒಂದೇ ಎಂಸಿಬಿಯಿಂದ ತೆಗೆದುಕೊಳ್ಳಿ. ಇದಕ್ಕೇ ಬೇರೆ ಎಂಸಿಬಿ ಇಡುವುದೂ ಸರಿ, ಆದರೆ ಅದು ಬಿದ್ದಿದ್ದರೆ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗದೆ ಹೋಗಬಹುದು. ನಿಮ್ಮಲ್ಲಿನ ನಿಯಮ ಅಡ್ಡಿಮಾಡದಿದ್ದರೆ ಪ್ಯಾಸೇಜಿನ ಲೈಟ್ ಸರ್ಕ್ಯೂಟೇ ಒಳ್ಳೆಯದು, ಲೈಟ್ ಹೋದರೆ ಆ ರಾತ್ರಿಯೇ ತಿಳಿಯುತ್ತದೆ. ಫೇಸನ್ನು ಮಾತ್ರ ಸ್ವಿಚ್ಚಿಗೆ ಹೋಗುವ ಮುಂಚೆ ಹಿಡಿಯಬೇಕು. ಸ್ವಿಚ್ ದಾಟಿ ಬಂದ ಫೇಸ್ ಕೊಟ್ಟರೆ ಲೈಟ್ ಆರಿಸಿದಾಗೆಲ್ಲ ಅಲಾರಂ ಬ್ಯಾಟರಿ ತಿನ್ನುತ್ತದೆ. ಡಿಮ್ಮರ್ ಇರುವ ಲೈನಂತೂ ಬೇಡವೇ ಬೇಡ.

ಬೋರ್ಡಿನಿಂದ ಮೊದಲ ಅಲಾರಂವರೆಗೆ ಫೇಸ್, ನ್ಯೂಟ್ರಲ್, ಅರ್ತ್. ಅಲ್ಲಿಂದ ಮುಂದಕ್ಕೆ ಇವುಗಳ ಜೊತೆಗೆ ಸಿಗ್ನಲ್ ವೈರ್. ಎಲ್ಲವೂ 1.5 ಚದರ ಮಿಲಿಮೀಟರ್ ಇರಲಿ. ಸಿಗ್ನಲ್‌ಗೆ ಮನೆಯಲ್ಲಿ ಫೇಸ್, ನ್ಯೂಟ್ರಲ್, ಅರ್ತ್‌ಗೆ ಬಳಸದ ಬಣ್ಣ ಆರಿಸಿ, ಕೊನೆಯವರೆಗೂ ಅದನ್ನೇ ಉಳಿಸಿಕೊಳ್ಳಿ. ನಾಲ್ಕೂ ವೈರ್ ಒಂದೇ ಪೈಪಿನಲ್ಲಿ ಹೋಗಬೇಕು. ಸಿಗ್ನಲ್ ವೈರನ್ನು ಬೇರೆ ದಾರಿಯಲ್ಲಿ ಸುತ್ತಿಸಿದರೆ ಅಕ್ಕಪಕ್ಕದ ಲೈನುಗಳಿಂದ ವೋಲ್ಟೇಜ್ ಸೋಂಕಿ ಸುಳ್ಳು ಅಲಾರಂ ಆಗುತ್ತದೆ. ಟೆಲಿಫೋನ್ ವೈರ್, ಸ್ಪೀಕರ್ ವೈರ್ ಹಾಕಿ ಕೈತೊಳೆದುಕೊಳ್ಳುವವರನ್ನು ಮನೆಯೊಳಗೆ ಬಿಡಬೇಡಿ. ಅದರ ಇನ್ಸುಲೇಷನ್ ಮೆಯಿನ್ಸ್ ಪಕ್ಕದಲ್ಲಿ ಇರಲು ಮಾಡಿದ್ದಲ್ಲ.

ಪ್ರತಿ ಬಾಕ್ಸಿನಲ್ಲಿ 150 ಮಿಲಿಮೀಟರ್ ವೈರ್ ಹೆಚ್ಚಾಗಿ ಬಿಡಿ. ಜಾಯಿಂಟಿಗೆ ಕನೆಕ್ಟರ್ ಬೇಕು. ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಕೆಲವು ಬೇಸಿಗೆ ಕಳೆಯುವಷ್ಟರಲ್ಲಿ ಅಂಟು ಬಿಟ್ಟು ಸಡಿಲವಾಗುತ್ತದೆ. ಐದು ಅಲಾರಂ ಸರಪಳಿಯಂತೆ ಒಂದರ ಹಿಂದೆ ಒಂದು ಬಂದರೆ ಮೂರು ವೈರ್ ಸೇರುವ ಕನೆಕ್ಟರ್ 11, ಎರಡು ವೈರಿನದು 8 ಬೇಕು. ಕೊನೆಯ ಬಾಕ್ಸಿನಲ್ಲಿ ಉಳಿಯುವ ಅರ್ತ್ ತುದಿಗೆ ಇನ್ನೊಂದು. ಅಲಾರಂಗೆ ಅರ್ತ್ ಟರ್ಮಿನಲ್ ಇರದಿದ್ದರೂ ಅರ್ತ್ ಕತ್ತರಿಸಿ ಬಿಸಾಡಬೇಡಿ, ಮುಂದಿನ ಬಾಕ್ಸಿಗೆ ದಾಟಿಸಿ. ಅದನ್ನು ಸಿಗ್ನಲ್ ವೈರಾಗಿ ಬಳಸುವುದು ಅಪರಾಧಕ್ಕೆ ಸಮ.

ಅಲಾರಂ ಸಿಕ್ಕಿಸುವ ಮುಂಚೆ, ಎಂಸಿಬಿ ಆರಿಸಿಯೇ ಇಟ್ಟು, ಮೀಟರನ್ನು ಓಮ್‌ಗೆ ತಿರುಗಿಸಿ. ಸಿಗ್ನಲ್ ವೈರಿನಿಂದ ಫೇಸ್, ನ್ಯೂಟ್ರಲ್, ಅರ್ತ್ ಮೂರಕ್ಕೂ ಸಂಪರ್ಕ ಇರಬಾರದು. ನಂತರ ಕೊನೆಯ ಬಾಕ್ಸಿನಲ್ಲಿ ಸಿಗ್ನಲ್ ಮತ್ತು ಅರ್ತ್ ತಾತ್ಕಾಲಿಕವಾಗಿ ಜೋಡಿಸಿ, ಮೊದಲ ಬಾಕ್ಸಿನಲ್ಲಿ ಮೀಟರ್ ಬೀಪ್ ಎನ್ನುತ್ತದೆಯೇ ನೋಡಿ, ಜೋಡಣೆ ಬಿಚ್ಚಿ. ಈಗ ಎಂಸಿಬಿ ಹಾಕಿ ಪ್ರತಿ ಬಾಕ್ಸಿನಲ್ಲೂ ಅಳೆಯಿರಿ: ಫೇಸ್-ನ್ಯೂಟ್ರಲ್ ಪೂರ್ತಿ ವೋಲ್ಟೇಜ್, ಫೇಸ್-ಅರ್ತ್ ಪೂರ್ತಿ ವೋಲ್ಟೇಜ್, ನ್ಯೂಟ್ರಲ್-ಅರ್ತ್ ಸೊನ್ನೆಯ ಹತ್ತಿರ. ಅದಲುಬದಲು ಇದ್ದರೆ ಸಿಕ್ಕಿಬೀಳುವುದು ಇಲ್ಲೇ. ಈ ಹಂತದಲ್ಲಿ ಸಿಗ್ನಲ್ ವೈರಿಗೆ ಟೆಸ್ಟರ್ ಹಿಡಿದರೆ ಮಿಣುಕಬಹುದು, ಡಿಜಿಟಲ್ ಮೀಟರ್ ಹತ್ತಾರು ವೋಲ್ಟ್ ತೋರಿಸಬಹುದು. ಪಕ್ಕದ ಫೇಸಿನಿಂದ ಸೋಂಕಿದ ಹುಸಿ ವೋಲ್ಟೇಜ್ ಅದು. ಓಮ್ ಪರೀಕ್ಷೆ ಸರಿಯಾಗಿ ಬಂದಿದ್ದರೆ ಗಾಬರಿಬಿದ್ದು ಗೋಡೆ ಒಡೆಸಬೇಡಿ. ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕುವವರು ಅಲಾರಂ ಎಲ್ಲವನ್ನೂ ಕಳಚಿದ ಮೇಲೆಯೇ ಹಾಕಬೇಕು.

ಮತ್ತೆ ಎಂಸಿಬಿ ಆರಿಸಿ, ಅಲಾರಂ ಸಿಕ್ಕಿಸುವ ಮುಂಚೆ ಪೈಪಿನ ಬಾಯಿಯನ್ನು ಸಿಲಿಕೋನ್‌ನಿಂದ ಮುಚ್ಚಿ. ಪೈಪಿನೊಳಗಿಂದ ಬರುವ ಗಾಳಿ ಹೊಗೆಯನ್ನು ಅಲಾರಂನ ಒಳಕ್ಕೆ ಬರಗೊಡದೆ ಆಚೆ ತಳ್ಳುತ್ತದೆ, ಧೂಳನ್ನೂ ತರುತ್ತದೆ. ಕರೆಂಟು ಕೊಟ್ಟ ನಂತರ ಒಂದೊಂದು ಅಲಾರಂನ ಬಟನ್ ಒತ್ತಿ, ಉಳಿದ ನಾಲ್ಕೂ ಕೂಗುವವರೆಗೆ ಹಿಡಿಯಿರಿ. ಒಂದರಿಂದ ಒತ್ತಿ ನೋಡಿ ಮುಗಿಸುವವರೇ ಹೆಚ್ಚು. ಕೇಳಿಸಿಕೊಳ್ಳುವ ಅಲಾರಂ ಬೇರೆಯವನ್ನು ಕೂಗಿಸಲಾರದೆ ಇರಬಹುದು, ಆದ್ದರಿಂದ ಐದರಿಂದಲೂ ಒತ್ತಬೇಕು. ಆಮೇಲೆ ಎಂಸಿಬಿ ಆರಿಸಿ ಬ್ಯಾಟರಿಯಲ್ಲೂ ಅದೇ ಐದು ಸುತ್ತು. ಯಾವುದೋ ಒಂದು ಕೈಕೊಟ್ಟರೆ ಎರಡೆರಡನ್ನೇ ಜೋಡಿಸಿ ನೋಡಿ, ಸುಟ್ಟದ್ದು ಯಾವುದೆಂದು ತಿಳಿಯುತ್ತದೆ.

ಪ್ರಶ್ನೆ: ಕಚೇರಿ ಕಟ್ಟಡದಲ್ಲಿ ಹಾಕುವಂಥ ಡಿಟೆಕ್ಟರ್ ಅಗ್ಗಕ್ಕೆ ಸಿಕ್ಕಿತು. ಮನೆಯ ಲೈನಿಗೆ ಹೇಗೆ ಕೊಡುವುದು?

ಕೊಡುವಂತಿಲ್ಲ. ಅದು ಫೈರ್ ಪ್ಯಾನೆಲ್‌ಗೆ, ಅಂದರೆ ಕಟ್ಟಡದ ಎಲ್ಲ ಡಿಟೆಕ್ಟರ್‌ಗಳನ್ನು ನಡೆಸುವ ಪೆಟ್ಟಿಗೆಗೆ, ಸೇರುವ ಬಿಡಿ ತಲೆ. ಬೇಕಿರುವುದು ಸಾಮಾನ್ಯವಾಗಿ 24 ವೋಲ್ಟ್ ಡಿಸಿ, ಬಹುತೇಕ ಅವುಗಳೊಳಗೆ ಸೈರನ್ನೇ ಇರುವುದಿಲ್ಲ. ಮೆಯಿನ್ಸ್ ಕೊಟ್ಟರೆ ಅಲ್ಲೇ ಸುಡುತ್ತದೆ. ಅಡಾಪ್ಟರ್ ಹಚ್ಚಿ, ಕಾಲಿಂಗ್ ಬೆಲ್‌ಗೆ ಜೋಡಿಸಿ ಕೊಡುತ್ತೇನೆ ಎನ್ನುವವರ ಮಾತಿಗೆ ಮರುಳಾಗಬೇಡಿ. ಬ್ಯಾಟರಿ ಇಲ್ಲ, ಕೆಟ್ಟರೆ ತಿಳಿಸುವ ವ್ಯವಸ್ಥೆ ಇಲ್ಲ, ಬೆಂಕಿಯಲ್ಲಿ ಮೊದಲು ಹೋಗುವುದು ಕರೆಂಟೇ.

ಪ್ರಶ್ನೆ: ಎರಡು ಬೇರೆ ಕಂಪನಿಯ ಅಲಾರಂ ಜೋಡಿಸಬಹುದೇ?

ಬೇಡ. ಒಂದೊಂದರ ಸಿಗ್ನಲ್ ಒಂದೊಂದು ಥರ. ಎಷ್ಟು ಜೋಡಿಸಬಹುದು ಎನ್ನುವುದೂ ಕೈಪಿಡಿಯಲ್ಲೇ ಇದೆ.

ಪ್ರಶ್ನೆ: ಇನ್ವರ್ಟರ್ ಲೈನಿಗೆ ಕೊಟ್ಟರೆ?

ಪ್ಯೂರ್ ಸೈನ್ ವೇವ್ ಅಲ್ಲದ ಇನ್ವರ್ಟರ್ ಅಲಾರಂನ ಪವರ್ ಭಾಗವನ್ನು ಕೆಡಿಸಬಲ್ಲದು. ಒಳಗಿರುವ ಬ್ಯಾಟರಿ ಮತ್ತೆ ಯಾಕಿದೆ?

ಪ್ರಶ್ನೆ: ಅಡುಗೆಮನೆಯ ಅಲಾರಂ ದಿನವೂ ಕೂಗುತ್ತದೆ, ಪ್ಲಾಸ್ಟಿಕ್ ಕವರ್ ಕಟ್ಟಿದ್ದೇವೆ.

ಇವತ್ತೇ ಬಿಚ್ಚಿ. ಅಲ್ಲಿಗೆ ಬೇಕಿರುವುದು ಅದೇ ಕಂಪನಿಯ, ಅದೇ ಸಿಗ್ನಲ್ ವೈರಿಗೆ ಸೇರುವ ಹೀಟ್ ಅಲಾರಂ. ಅದು ಹೊಗೆಗಲ್ಲ, ಬಿಸಿಗೆ ಕೂಗುತ್ತದೆ. ಗ್ಯಾಸ್ ಲೀಕ್ ಆದರೆ ಇವೆರಡಕ್ಕೂ ತಿಳಿಯದು, ಅದಕ್ಕೆ ಗ್ಯಾಸ್ ಡಿಟೆಕ್ಟರ್ ಬೇರೆ.

ಪ್ರಶ್ನೆ: ಮೋಂಬತ್ತಿ ಹಿಡಿದು ಪರೀಕ್ಷಿಸಬಹುದೇ?

ಕೂಡದು. ಮಸಿ ಒಳಗೆ ಕೂತು ಅಲಾರಂ ಹಾಳಾಗುತ್ತದೆ. ಪರೀಕ್ಷೆಗೆಂದೇ ಸ್ಪ್ರೇ ಸಿಗುತ್ತದೆ.

ಪ್ರಶ್ನೆ: ಬೆಳಗಿನ ಜಾವ ಮಾತ್ರ ಒಂದು ಅಲಾರಂ ಆಗಾಗ ಚಿಕ್ ಎನ್ನುತ್ತದೆ, ಹಗಲು ಸುಮ್ಮನಿರುತ್ತದೆ. ವೈರಿಂಗ್ ದೋಷವೇ?

ಬ್ಯಾಟರಿ ಮುಗಿಯುತ್ತಿದೆ. ತಣ್ಣಗಾದಾಗ ಅದರ ವೋಲ್ಟೇಜ್ ಇನ್ನಷ್ಟು ಇಳಿಯುತ್ತದೆ. ಈ ಸದ್ದು ಸಿಗ್ನಲ್ ವೈರಿನಲ್ಲಿ ಹರಿಯುವುದಿಲ್ಲ, ಚಿಕ್ ಎನ್ನುವ ಅಲಾರಂನದೇ ಬ್ಯಾಟರಿ ಬದಲಿಸಿ. ಕೆಳಗಿಳಿಸಿದಾಗ ಹಿಂಬದಿಯ ತಯಾರಿಕೆ ದಿನಾಂಕವನ್ನೂ ಓದಿ. 10 ವರ್ಷ ದಾಟಿದ್ದರೆ ಬ್ಯಾಟರಿಯಲ್ಲ, ಅಲಾರಂ ಅನ್ನೇ ಬದಲಿಸಬೇಕು.