ಊರಿಗೊಂದು ಸರ್ವರ್ ಇಟ್ರೆ ಹೇಗೆ?

ಪ್ರಶ್ನೆ: ನಮ್ಮದು ಸಹಕಾರಿ ಸಂಘ, ಹೆಡ್ಡಾಫೀಸು ಮಂಗಳೂರಲ್ಲಿ, ಬ್ರಾಂಚುಗಳು ಉಡುಪಿ, ಕಾರ್ಕಳ, ಕುಂದಾಪುರದಲ್ಲಿ, ಒಟ್ಟು 350 ಜನ. ಫೈಲೆಲ್ಲ ಶೇರ್‌ಪಾಯಿಂಟ್‌ಗೆ (ಆಫೀಸಿನ ಫೈಲು ಒಂದೇ ಕಡೆ ಇಟ್ಟು ಎಲ್ರೂ ನೋಡುವ ಮೈಕ್ರೋಸಾಫ್ಟ್ ಸಾಫ್ಟ್‌ವೇರ್) ಹಾಕ್ಬೇಕು, ಆದ್ರೆ ಸರ್ವರ್ ನಮ್ಮ ಹತ್ರಾನೇ ಇರ್ಬೇಕು ಅಂತ ಆಡಳಿತ ಮಂಡಳಿಯವರ ಹಟ. ಊರಿಗೊಂದು ಸರ್ವರ್ ಇಟ್ಟು ಎಲ್ಲ ಸೇರಿಸಿ ಒಂದೇ ಫಾರ್ಮ್ (ಒಟ್ಟಿಗೆ ಕೆಲಸ ಮಾಡುವ ಸರ್ವರ್‌ಗಳ ಗುಂಪು) ಮಾಡ್ಲಿಕ್ಕೆ ಆಗ್ತದಾ? ಒಂದೇ ಮಿಷನ್ ಸಾಕು ಅಂತಾನೂ ಒಬ್ರು ಹೇಳ್ತಾರೆ.
– ಹೆಸರು ಬೇಡ, ಉಡುಪಿ

ಉತ್ತರ: ಊರಿಗೊಂದು ಬೇಡ ಮಾರಾಯ್ರೆ. ಒಂದು ಪೇಜ್ ತೆರೆದ್ರೂ ಸರ್ವರ್ ಎಷ್ಟೋ ಸಲ ಡಾಟಾಬೇಸ್ ಹತ್ರ ಹೋಗಿ ಬರ್ತದೆ, ಹಾಗಾಗಿ ಫಾರ್ಮಿನ ಸರ್ವರ್‌ಗಳ ಮಧ್ಯೆ ಒಂದು ಕಡೆಗೆ 1 ಮಿಲಿಸೆಕೆಂಡಿಗಿಂತ ಕಡಿಮೆ ತಡ, 1 ಗಿಗಾಬಿಟ್ ಲೈನು ಇರ್ಲೇಬೇಕು ಅಂತ ಮೈಕ್ರೋಸಾಫ್ಟ್ ಹೇಳ್ತದೆ. ಜೂನಲ್ಲಿ ಒಂದು ಮರ ಬಿದ್ರೆ ಲೈನೇ ಹೋಗುವ ನಮ್ಮ ಊರಲ್ಲಿ ಇದೆಲ್ಲ ನಡೆಯೋ ಮಾತಾ? ಎಲ್ಲ ಮಂಗಳೂರಲ್ಲೇ ಇಡಿ, ಬ್ರಾಂಚಿನವ್ರು ಬ್ರೌಸರಲ್ಲಿ ನೋಡ್ಲಿ, ಅಲ್ಲಿ ಸ್ವಲ್ಪ ತಡ ಆದ್ರೆ ಯಾರಿಗೂ ಗೊತ್ತಾಗೋದಿಲ್ಲ.

ಒಂದೇ ಮಿಷನ್ ಕಲೀಲಿಕ್ಕೆ ಸಾಕು, ಕೆಲಸಕ್ಕೆ ಅಲ್ಲ. ನಿಮಗೆ ಮೂರು ಸಾಕು: ಎಸ್‌ಕ್ಯೂಎಲ್‌ಗೆ (ಡಾಟಾಬೇಸ್ ಇರುವ ಸಾಫ್ಟ್‌ವೇರ್) ಒಂದು, ಫ್ರಂಟ್ ಎಂಡ್ (ಜನರಿಗೆ ಪೇಜ್ ತೋರಿಸುವುದು) ಮತ್ತು ಡಿಸ್ಟ್ರಿಬ್ಯೂಟೆಡ್ ಕ್ಯಾಶ್ (ಆಗಾಗ ಬೇಕಾದ್ದನ್ನು ಮೆಮೊರಿಯಲ್ಲಿ ಇಟ್ಕೊಳ್ಳುವುದು) ಸೇರಿ ಒಂದು, ಅಪ್ಲಿಕೇಶನ್ (ಹಿಂದಿನ ಕೆಲಸಗಳು) ಮತ್ತು ಸರ್ಚ್ ಸೇರಿ ಒಂದು, ಒಂದೊಂದಕ್ಕೆ ಕಡಿಮೆ ಅಂದ್ರೂ 16 ಜಿಬಿ ರ‍್ಯಾಮ್. ಆದ್ರೆ ಇದ್ರಲ್ಲಿ ಒಂದು ಮಲಗಿದ್ರೆ ಕೆಲಸವೂ ನಿಂತ ಹಾಗೆ, ಅದು ಬೇಡ ಅಂದ್ರೆ ಎಲ್ಲ ಎರಡೆರಡು ಇಡ್ಬೇಕು, ಖರ್ಚು ಮಂಡಳಿಯವ್ರಿಗೆ ಬಿಟ್ಟದ್ದು. ಹಳೇ ಶೇರ್‌ಪಾಯಿಂಟ್ 2016, 2019 ಕಡಿಮೆಗೆ ಸಿಗ್ತದೆ ಅಂತ ತಗೊಳ್ಬೇಡಿ, ಎರಡಕ್ಕೂ ಸಪೋರ್ಟ್ 2026 ಜುಲೈ 14ರವರೆಗೆ ಮಾತ್ರ. ಸಬ್‌ಸ್ಕ್ರಿಪ್ಶನ್ ಎಡಿಶನ್ನೇ ಹಾಕಿ.

ಜನ ಎಡವುದು ಎಸ್‌ಕ್ಯೂಎಲ್ ಹತ್ರ. ಮ್ಯಾಕ್ಸ್‌ಡಾಪ್ (ಒಂದು ಕೆಲಸಕ್ಕೆ ಎಷ್ಟು ಪ್ರೊಸೆಸರ್ ಬಳಸ್ಬೇಕು ಅನ್ನುವ ಎಸ್‌ಕ್ಯೂಎಲ್ ಸೆಟ್ಟಿಂಗ್) 1 ಮಾಡಿ, ಮತ್ತೆ ಶೇರ್‌ಪಾಯಿಂಟ್‌ಗೆ ಎಸ್‌ಕ್ಯೂಎಲ್ ಮಿಷನ್ನಿನ ನಿಜ ಹೆಸರು ಕೊಡ್ಬೇಡಿ, ಒಂದು ಅಲಿಯಾಸ್ (ಅಡ್ಡ ಹೆಸರು) ಮಾಡಿ ಅದನ್ನೇ ಕೊಡಿ. ನಾನು ಒಂದು ಕಡೆ ನಿಜ ಹೆಸರೇ ಕೊಟ್ಟಿದ್ದೆ, ಆಮೇಲೆ ಸಿಡಿಲಿಗೆ ಆ ಮಿಷನ್ ಸುಟ್ಟು ಹೊಸದು ತಂದಾಗ ಎರಡು ರಾತ್ರಿ ಚಾ ಕುಡೀತಾ ಅಲ್ಲೇ ಕೂತದ್ದು. ಕಾನ್ಫಿಗರೇಶನ್ ವಿಝಾರ್ಡ್ ಡಾಟಾಬೇಸ್‌ಗಳಿಗೆ ರೈಲಿನಷ್ಟು ಉದ್ದದ ಹೆಸರು ಇಡ್ತದೆ, ಪವರ್‌ಶೆಲ್ಲಲ್ಲಿ (ಕಮಾಂಡ್ ಟೈಪ್ ಮಾಡುವ ವಿಂಡೋಸ್ ಟೂಲ್) ನೀವೇ ಹೆಸರಿಡಿ. ಒಂದೊಂದು ಕಂಟೆಂಟ್ ಡಾಟಾಬೇಸ್ (ನಿಮ್ಮ ಫೈಲುಗಳು ಇರುವುದು) 200 ಜಿಬಿ ದಾಟದ ಹಾಗೆ ನೋಡಿ, ಇಲ್ಲಾಂದ್ರೆ ರಿಸ್ಟೋರ್ ಮಾಡುವಾಗ ಬೆಳಗಾಗ್ತದೆ.

ಸೆಟಪ್ ಮಾಡ್ಲಿಕ್ಕೆ, ಫಾರ್ಮ್ ನಡೆಸ್ಲಿಕ್ಕೆ, ಎಸ್‌ಕ್ಯೂಎಲ್ ನಡೆಸ್ಲಿಕ್ಕೆ ಬೇಕಾದ ಅಕೌಂಟ್ ಮೂರೂ ಬೇರೆ ಬೇರೆ ಇರ್ಲಿ. ಫಾರ್ಮಿನ ಪಾಸ್‌ಫ್ರೇಸ್ (ಫಾರ್ಮ್ ಮಾಡುವಾಗ ಕೊಡುವ ಗುಟ್ಟಿನ ಪದ) ಕಾಗದದಲ್ಲಿ ಬರೆದಿಡಿ, ನಾಳೆ ಇನ್ನೊಂದು ಸರ್ವರ್ ಸೇರಿಸ್ಲಿಕ್ಕೆ ಅದನ್ನೇ ಕೇಳ್ತದೆ. ನಿಮ್ಮಲ್ಲಿ ಲಾಕರ್ ಹೇಗೂ ಉಂಟಲ್ಲ, ಅದ್ರಲ್ಲೇ ಇಡಿ.