ಕರೆಂಟ್ ಹೋಗಿ ಬಂದ ಮೇಲೆ ಪೋಸ್ಟ್‌ಗ್ರೆಸ್ ಶುರುವಾಗುತ್ತಿಲ್ಲ, ಏನು ಮಾಡಲಿ?

ಮೂಡಿಗೆರೆಯ ಕಾಫಿ ತೋಟದ ಆಫೀಸಿನ ಲಿನಕ್ಸ್ ಮಷೀನಿನಲ್ಲಿ ಪೋಸ್ಟ್‌ಗ್ರೆಸ್ (ಲೆಕ್ಕ, ಮಾಹಿತಿ ಇಡುವ ಡೇಟಾಬೇಸ್ ಸಾಫ್ಟ್‌ವೇರ್) ಏಳುತ್ತಿಲ್ಲ, ಅದು ನಡೆದದ್ದನ್ನೆಲ್ಲ ಬರೆದಿಡುವ ಲಾಗಿನಲ್ಲಿ 'ಪೋಸ್ಟ್‌ಮಾಸ್ಟರ್ ಡಾಟ್ ಪಿಐಡಿ ಲಾಕ್ ಫೈಲ್ ಖಾಲಿ ಇದೆ' ಎಂದು ಬರುತ್ತಿದೆ ಅಂತ ಕೇಳಿದ್ದೀರಿ. ಗಾಬರಿಯಾಗಬೇಡಿ, ಲೆಕ್ಕವೆಲ್ಲ ಹೋಯಿತು ಅಂತ ಇದರರ್ಥ ಅಲ್ಲ.

ಪೋಸ್ಟ್‌ಗ್ರೆಸ್ ಸರ್ವರ್ ಶುರುವಾದಾಗ, ಅದೇ ಫೋಲ್ಡರಿನ ಮೇಲೆ ಇನ್ನೊಂದು ಸರ್ವರ್ ಓಡದಂತೆ ಡೇಟಾ ಫೋಲ್ಡರಿನಲ್ಲಿ ಈ ಲಾಕ್ ಫೈಲ್ ಮಾಡಿಕೊಂಡು, ಮೊದಲ ಸಾಲಿನಲ್ಲಿ ತನ್ನ ಪ್ರೋಸೆಸ್ ನಂಬರ್ (ಓಡುತ್ತಿರುವ ಪ್ರೋಗ್ರಾಮಿಗೆ ಸಿಸ್ಟಂ ಕೊಡುವ ನಂಬರ್) ಬರೆಯುತ್ತದೆ. ಸರಿಯಾಗಿ ನಿಲ್ಲಿಸಿದರೆ ಅಳಿಸಿಬಿಡುತ್ತದೆ. ದಿಢೀರ್ ಕರೆಂಟ್ ಹೋದರೆ ಫೈಲ್ ಹಾಗೇ ಉಳಿಯುತ್ತದೆ, ಕೆಲವೊಮ್ಮೆ ಒಳಗೆ ಒಂದಕ್ಷರವೂ ಇರುವುದಿಲ್ಲ. ಆಷಾಢದ ಮಳೆಯಲ್ಲಿ ನಮ್ಮ ಚಿಕ್ಕಮಗಳೂರು ಕಡೆ ಕರೆಂಟಿನ ಕಥೆ ನಿಮಗೇ ಗೊತ್ತಲ್ವಾ. ನಾನು ನೋಡಿದ ಒಂದು ಮಷೀನಿನಲ್ಲಿ ಫೈಲಿನ ಅಳತೆ ಸೊನ್ನೆ ಬೈಟ್ ಇತ್ತು.

ಮೊದಲು ಬೇರೆ ಪೋಸ್ಟ್‌ಗ್ರೆಸ್ ಓಡುತ್ತಿಲ್ಲ ಅಂತ ಪ್ರೋಸೆಸ್ ಪಟ್ಟಿಯಲ್ಲಿ ಖಚಿತ ಮಾಡಿಕೊಳ್ಳಿ. ಈ ಹೆಜ್ಜೆ ಮಾತ್ರ ಬಿಡಲೇಬೇಡಿ. ಒಂದೇ ಫೋಲ್ಡರಿನ ಮೇಲೆ ಎರಡು ಸರ್ವರ್ ಓಡಿದರೆ ಡೇಟಾ ನಿಜಕ್ಕೂ ಕೆಡುತ್ತದೆ. ಆಮೇಲೆ ಇಡೀ ಡೇಟಾ ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿ. ಆ ಒಂದು ಫೈಲನ್ನು ಬೇರೆ ಕಡೆ ಸರಿಸಿ, ಸರ್ವರ್ ಶುರು ಮಾಡಿ.

ಲಾಗಿನಲ್ಲಿ 'ರಿಕವರಿ' ಅಂತ ಸಾಲುಗಳು ಬಂದರೆ ಸುಮ್ನೆ ಕಾಯಿರಿ. ಪಿಜಿ-ವಾಲ್ ಫೋಲ್ಡರಿನಲ್ಲಿ ಬರೆದಿಟ್ಟ ಬದಲಾವಣೆಗಳನ್ನು ಅದು ಮತ್ತೆ ಹಾಕುತ್ತಿರುತ್ತದೆ. ಜಾಗ ಜಾಸ್ತಿ ತಿನ್ನುತ್ತಿದೆ ಅಂತ ಆ ಫೋಲ್ಡರಿಗೆ ದಯವಿಟ್ಟು ಕೈ ಹಾಕಬೇಡಿ.