ಫೆಲೋಶಿಪ್‌ಗೆ ಏಜೆಂಟ್ ಬೇಕಾ?

ತಿಂಗಳಿಗೆ ಹತ್ತಾದರೂ ಇಂಥ ಪತ್ರ ಬರುತ್ತವೆ. ಊರು ಬೇರೆ, ಹೆಸರು ಬೇರೆ, ಪ್ರಶ್ನೆ ಮಾತ್ರ ಅದೇ. ಈ ಸಲ ಒಟ್ಟಿಗೇ ಉತ್ತರ ಬರೆದುಬಿಡುತ್ತೇನೆ.

ಪ್ರಶ್ನೆ: ಎಂಟು ವರ್ಷದಿಂದ ಸಮಾಜಸೇವೆ ಮಾಡುತ್ತಿದ್ದೇನೆ. ಟ್ರಸ್ಟ್ ನೋಂದಣಿ, ಪ್ರಾಜೆಕ್ಟ್ ರಿಪೋರ್ಟ್ ಎಲ್ಲ ಸೇರಿಸಿ 40 ಸಾವಿರ ಕೊಟ್ಟರೆ ಅಶೋಕ ಫೆಲೋಶಿಪ್ ಮಾಡಿಸಿಕೊಡುತ್ತೇನೆ ಎಂದು ಒಬ್ಬರು ಹೇಳುತ್ತಿದ್ದಾರೆ. ಕೊಡಲಾ?

ಉತ್ತರ: ಬೇಡ. ಮೊದಲು ಅವರ ನಂಬರ್ ಬ್ಲಾಕ್ ಮಾಡಿ, ಆಮೇಲೆ ಮುಂದೆ ಓದಿ. ಇದೇನು ರೇಷನ್ ಕಾರ್ಡಾ, ಯಾರೋ ಮಾಡಿಸಿಕೊಡುವುದಕ್ಕೆ?

ಸಮಾಜದ ಸಮಸ್ಯೆಗೆ ಹೊಸ ದಾರಿ ಹುಡುಕುವವರನ್ನು ಆರಿಸಿ ನೆರವಾಗುವ ಅಶೋಕ ಸಂಸ್ಥೆಯನ್ನು 1980ರಲ್ಲಿ ಶುರು ಮಾಡಿದವರು ಅಮೆರಿಕದ ಬಿಲ್ ಡ್ರೇಟನ್. ಹೆಸರು ನಮ್ಮ ಚಕ್ರವರ್ತಿಯದೇ. ಸಂಸ್ಥೆಯವರು ಆರಿಸುವುದು ಟ್ರಸ್ಟನ್ನಲ್ಲ, ಮನುಷ್ಯನನ್ನು. ಸ್ಟೈಪೆಂಡ್ ಕೊಡುವುದು ಕಟ್ಟಡಕ್ಕೋ ಜೀಪಿಗೋ ಅಲ್ಲ. ಮನೆ ಬಾಡಿಗೆ, ದಿನಸಿ, ಮಕ್ಕಳ ಫೀಸಿನ ಚಿಂತೆ ಬಿಟ್ಟು ನೀವು ಪೂರ್ತಿ ಈ ಕೆಲಸಕ್ಕೇ ಇಳಿಯಲಿ ಅಂತ, ಸಾಮಾನ್ಯವಾಗಿ ಮೂರು ವರ್ಷ.

ಮೊದಲ ಫೆಲೋ ಯಾರು ಗೊತ್ತಾ? ಮುಂಬಯಿಯ ಶಾಲಾ ಶಿಕ್ಷಕಿ ಗ್ಲೋರಿಯಾ ಡಿಸೋಜಾ. ಬಾಯಿಪಾಠ ಬಿಡಿಸಿ, ಸುತ್ತಲಿನ ಪರಿಸರದಿಂದಲೇ ಮಕ್ಕಳಿಗೆ ಕಲಿಸುವ ದಾರಿ ಹುಡುಕಿದವರು. ಆ ಸ್ಟೈಪೆಂಡ್ ಇತ್ತು ಅಂತಲೇ ನೌಕರಿ ಬಿಟ್ಟು ‘ಪರಿಸರ ಆಶಾ’ ಎಂಬ ಸಂಸ್ಥೆ ಕಟ್ಟಿದರು. ಮುಂದೆ ಅವರ ಪದ್ಧತಿ ಮುಂಬಯಿ ಪಾಲಿಕೆಯ ಶಾಲೆಗಳಿಗೂ ಹೋಯಿತು. ಹೀಗೆ ಒಬ್ಬರ ಕೈ ಬಿಟ್ಟ ಮೇಲೂ ಹಬ್ಬುವ ಕೆಲಸವನ್ನೇ ಅಶೋಕದವರು ಹುಡುಕುವುದು.

ಹೋದ ವರ್ಷ ಒಬ್ಬ ಹುಡುಗ ದಪ್ಪ ಫೈಲು ಹಿಡಿದು ಬಂದಿದ್ದ. ರಕ್ತದಾನ, ನೋಟ್‌ಬುಕ್ ಹಂಚಿದ್ದು, ಗಿಡ ನೆಟ್ಟಿದ್ದು, ಪ್ರತಿ ಪೇಪರ್ ಕಟಿಂಗ್‌ನಲ್ಲೂ ಶಾಲು ಹೊದ್ದ ಫೋಟೊ. "ನೀನು ಆರು ತಿಂಗಳು ಹಾಸಿಗೆ ಹಿಡಿದರೆ ಇದೆಲ್ಲ ನಡೆಯುತ್ತಾ?" ಎಂದೆ. "ನಿಂತುಹೋಗುತ್ತೆ ಸರ್" ಎಂದ. ಪಾಪ, ಸುಳ್ಳು ಹೇಳಲಿಲ್ಲ.

ಫೈಲಿನ ಕೊನೆಯಲ್ಲಿ ಕೈಬರಹದ ಒಂದು ಹಾಳೆ ಇತ್ತು. ಹೈಸ್ಕೂಲು ಬಿಟ್ಟ ಹುಡುಗಿಯರ ಹೆಸರು, ಪಕ್ಕದಲ್ಲಿ ಬಸ್ ಬರುವ ಹೊತ್ತು. ಇದೇನು ಎಂದರೆ, "ಅದೇನಿಲ್ಲ ಸರ್, ಸುಮ್ನೆ" ಎಂದ. ಸಂಜೆ ಬಸ್ಸು ಶಾಲೆ ಬಿಡುವ ಮೊದಲೇ ಹೋಗಿಬಿಡುತ್ತಿತ್ತಂತೆ. ಆ ಪಟ್ಟಿ ಹಿಡಿದು ತಾಯಂದಿರೇ ಡಿಪೋಗೆ ಹೋಗಿ ಹೊತ್ತು ಬದಲಾಯಿಸಿಕೊಂಡರು. ಆಮೇಲೆ ಇವನನ್ನು ಕೇಳದೆಯೇ ಪಕ್ಕದ ಎರಡು ಊರಿನವರು ತಮ್ಮದೇ ಪಟ್ಟಿ ಮಾಡಿದರು. ಉಳಿದದ್ದನ್ನೆಲ್ಲ ಮನೆಯಲ್ಲಿಟ್ಟು ಈ ಹಾಳೆಯೊಂದನ್ನೇ ಹಿಡಿದು ಬಾ ಎಂದೆ. ಅವನಿಗೆ ಶಾಲಿನ ಫೋಟೊಗಳದ್ದೇ ಬೇಜಾರು!

ಈ ಮನುಷ್ಯನನ್ನು ಪೂರ್ತಿ ನಂಬಬಹುದಾ ಎಂಬುದೂ ಅಶೋಕದವರ ಐದು ಅಳತೆಗಳಲ್ಲಿ ಒಂದು. ಗಂಟೆಗಟ್ಟಲೆ ಮಾತಾಡಿಸುತ್ತಾರೆ, ಹಲವು ಸುತ್ತು. ಏಜೆಂಟ್ ಬರೆದ ರಿಪೋರ್ಟು ಅಲ್ಲಿ ಹತ್ತು ನಿಮಿಷವೂ ನಿಲ್ಲುವುದಿಲ್ಲ. ಇನ್ನೊಂದು ಮಾತು. ಆಯ್ಕೆ ಪತ್ರ ಕೈಗೆ ಬರುವ ತನಕ ಇರುವ ಕೆಲಸ ಬಿಡಬೇಡಿ. ನನ್ನನ್ನು ಪುಕ್ಕಲ ಅನ್ನಿ, ಪರವಾಗಿಲ್ಲ. ಬಿಟ್ಟು ಸಾಲಕ್ಕೆ ಬಿದ್ದವರನ್ನು ನೋಡಿದ್ದೇನೆ.

ಪ್ರಶ್ನೆ: ನಮಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಪಡೆಯಲು ಬೇಕಾದ ಸರ್ಕಾರಿ ನೋಂದಣಿ) ಇಲ್ಲ. ಅದು ಇರುವ ಬೇರೆ ಸಂಸ್ಥೆಯ ಖಾತೆ ಮೂಲಕ ವಿದೇಶಿ ದೇಣಿಗೆ ತರಿಸಬಹುದಾ?

ಉತ್ತರ: ಇಲ್ಲ. 2020ರ ತಿದ್ದುಪಡಿಯ ನಂತರ ಇಬ್ಬರಿಗೂ ನೋಂದಣಿ ಇದ್ದರೂ ಒಬ್ಬರಿಂದ ಇನ್ನೊಬ್ಬರಿಗೆ ಆ ಹಣ ದಾಟಿಸುವ ಹಾಗಿಲ್ಲ. "ಎಲ್ಲರೂ ಮಾಡ್ತಾರೆ" ಎನ್ನುವ ಆಡಿಟರ್‌ನನ್ನು ಬದಲಾಯಿಸಿ.

ಪ್ರಶ್ನೆ: ಗೌರವ ಡಾಕ್ಟರೇಟ್ ಇದ್ದರೆ ಅನುಕೂಲವಾ?

ಉತ್ತರ: ಹೋಟೆಲ್ ಹಾಲ್‌ನಲ್ಲಿ ದುಡ್ಡು ಕಟ್ಟಿ ತಂದದ್ದಾ? ಅದನ್ನು ಅರ್ಜಿಯಲ್ಲಿ ಬರೆಯಲೇಬೇಡಿ.

ಪ್ರಶ್ನೆ: ನನಗೆ ಇಂಗ್ಲಿಷ್ ಬರುವುದಿಲ್ಲ.

ಉತ್ತರ: ಕೆಲಸ ಬರುತ್ತದಲ್ವಾ? ಮೊದಲು ಕನ್ನಡದಲ್ಲೇ ಒಂದು ಪುಟ ಬರೆಯಿರಿ. ಅನುವಾದಕ್ಕೆ ಊರಿನ ಇಂಗ್ಲಿಷ್ ಮೇಷ್ಟ್ರು ಸಾಕು.